ಆರು ಉಂಗುರಗಳ ದಿನಚರಿ

ಚರ್ಮದ ಹೊದಿಕೆಯ ಹಳೆಯ ಆರ್ಗನೈಸರ್ ಮೇಲೋ, ಹೊಸದು ಮೇಲೋ? ಚರ್ಮ, ಉಂಗುರ, ಹೊಲಿಗೆ, ಕಾಗದ ಇವುಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದರೆ ಸಿಗುವ ಉತ್ತರ ನಾವು ನಿರೀಕ್ಷಿಸಿದ್ದಲ್ಲ.

ಪುಸ್ತಕಕ್ಕೂ ಕಡತಕ್ಕೂ ಇರುವ ವ್ಯತ್ಯಾಸ ಸಣ್ಣದು, ಆದರೆ ಮುಖ್ಯವಾದದ್ದು. ಪುಸ್ತಕದಿಂದ ಒಂದು ಹಾಳೆ ಕಿತ್ತರೆ ಪುಸ್ತಕ ಊನವಾಗುತ್ತದೆ. ಕಡತದಿಂದ ಬೇಡದ ಹಾಳೆ ತೆಗೆದರೆ ಕಡತ ಹಗುರವಾಗುತ್ತದೆ, ಬೇಕಾದ ಹಾಳೆ ಸೇರಿಸಿದರೆ ಬೆಳೆಯುತ್ತದೆ. ತೂತು ಕೊರೆದು ದಾರ ಪೋಣಿಸಿದ ನಮ್ಮ ತಾಳೆಗರಿಯ ಕಟ್ಟಿನಲ್ಲೂ ಈ ಅನುಕೂಲವಿತ್ತು. ಸರ್ಕಾರಿ ಕಚೇರಿಯ ಫೈಲಿನಲ್ಲಿ ಟ್ಯಾಗ್ ದಾರ ಮಾಡುವ ಕೆಲಸವೂ ಅದೇ. ಈ ಉಪಾಯವನ್ನೇ ಅಂಗೈಯಲ್ಲಿ ಹಿಡಿಸುವಷ್ಟಕ್ಕೆ ಇಳಿಸಿ, ದಾರದ ಜಾಗದಲ್ಲಿ ಆರು ಲೋಹದ ಉಂಗುರ ಕೂರಿಸಿ, ಮೇಲೆ ಚರ್ಮದ ಹೊದಿಕೆ ಹಾಕಿದರೆ ಅದು ‘ಪರ್ಸನಲ್ ಆರ್ಗನೈಸರ್’.

1990ರ ದಶಕದಲ್ಲಿ ಹೊಸ ವರ್ಷದ ಉಡುಗೊರೆಯಾಗಿ ಬರುತ್ತಿದ್ದ ರೆಕ್ಸಿನ್ ಹೊದಿಕೆಯ ಉಂಗುರದ ಡೈರಿಗಳು ಓದುಗರಲ್ಲಿ ಹಲವರಿಗೆ ನೆನಪಿರಬಹುದು. ದಿನಚರಿಗೆ ಒಂದು ಭಾಗ, ವಿಳಾಸಗಳಿಗೆ ಒಂದು ಭಾಗ, ಲೆಕ್ಕಕ್ಕೆ ಇನ್ನೊಂದು, ಕೊನೆಯಲ್ಲಿ ವಿಸಿಟಿಂಗ್ ಕಾರ್ಡು ಇಡಲು ಪ್ಲಾಸ್ಟಿಕ್ ಚೀಲ. ಈಗ ಇವೆಲ್ಲ ಕೆಲಸವನ್ನೂ ಮೊಬೈಲು ನುಂಗಿದೆ. ಆದರೂ ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಚರ್ಮದ ಆರ್ಗನೈಸರ್‌ಗಳನ್ನು ಹುಡುಕಿ ಕೊಳ್ಳುವವರು ಇದ್ದಾರೆ. ಅವರ ನಡುವೆ ಮುಗಿಯದ ಒಂದು ವಾದವಿದೆ: ಹಳೆಯದರ ಗಟ್ಟಿತನ ಹೊಸದಕ್ಕೆ ಬರುವುದಿಲ್ಲ ಎನ್ನುವವರು ಒಂದು ಕಡೆ, ಅದೆಲ್ಲ ಬರೀ ಹಳಹಳಿಕೆ ಎನ್ನುವವರು ಇನ್ನೊಂದು ಕಡೆ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಬಂಧುವೊಬ್ಬರು ಬಳಸಿ ಬಿಟ್ಟ 1980ರ ದಶಕದ ಒಂದು ಆರ್ಗನೈಸರ್ ನನ್ನ ಬಳಿ ಇದೆ. ಪಕ್ಕದಲ್ಲಿ ಇತ್ತೀಚೆಗೆ ಕೊಂಡ ಹೊಸದೂ ಇದೆ. ವಿಜ್ಞಾನದ ಮೇಷ್ಟರ ಕೈಗೆ ಎರಡು ವಸ್ತು ಸಿಕ್ಕರೆ ಹೋಲಿಸಿ ನೋಡದೆ ಬಿಡುವುದುಂಟೇ?

ಎಂಜಿನಿಯರರ ಜೇಬಿನಿಂದ

ಮೊದಲು ಸ್ವಲ್ಪ ಚರಿತ್ರೆ. ಸುಮಾರು 1910ರ ಹೊತ್ತಿಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ‘ಲೆಫ್ಯಾಕ್ಸ್’ ಎಂಬ ಬಿಡಿಹಾಳೆಗಳ ಕೈಪಿಡಿ ಹುಟ್ಟಿತು. ಕೋಷ್ಟಕ, ಸೂತ್ರ, ಅಳತೆಗಳನ್ನು ದಪ್ಪ ಪುಸ್ತಕಗಳಲ್ಲಿ ಹೊತ್ತು ತಿರುಗಲಾಗದ ಎಂಜಿನಿಯರರಿಗೆ, ಬೇಕಾದ ಹಾಳೆಗಳನ್ನಷ್ಟೇ ಜೇಬಿನಲ್ಲಿ ಒಯ್ಯುವ ಅನುಕೂಲ ಅದು. 1921ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ನಾರ್ಮನ್ ಅಂಡ್ ಹಿಲ್’ ಎಂಬ ಕಂಪನಿ ಇದನ್ನು ಬ್ರಿಟನ್ನಿಗೆ ತರಿಸಿ ಮಾರತೊಡಗಿತು. ತಾತ್ಕಾಲಿಕ ಕಾರ್ಯದರ್ಶಿಯಾಗಿ ಅಲ್ಲಿಗೆ ಸೇರಿದ ಗ್ರೇಸ್ ಸ್ಕರ್ ಎಂಬಾಕೆ ‘ಫೈಲೋಫ್ಯಾಕ್ಸ್’ ಎಂಬ ಹೆಸರು ಸೂಚಿಸಿದರು. ‘ಫೈಲ್ ಆಫ್ ಫ್ಯಾಕ್ಟ್ಸ್’, ಅಂದರೆ ಸಂಗತಿಗಳ ಕಡತ ಎಂಬುದರ ಮೊಟಕು ರೂಪ. 1930ರಲ್ಲಿ ಈ ಹೆಸರು ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಯಿತು. ಸೇನೆಯ ಅಧಿಕಾರಿಗಳು, ಪಾದ್ರಿಗಳು ಇದರ ಮೊದಲ ಗಿರಾಕಿಗಳ ಸಾಲಿನಲ್ಲಿದ್ದರು.

ಎರಡನೆಯ ಮಹಾಯುದ್ಧದಲ್ಲಿ, 1940ರ ಬಾಂಬ್ ದಾಳಿಗೆ ಸಿಕ್ಕಿ ಕಂಪನಿಯ ಕಚೇರಿ ನಾಶವಾಯಿತು. ಯಾರಿಂದ ಸರಕು ಬರಬೇಕು, ಯಾರಿಗೆ ಹೋಗಬೇಕು ಎಂಬ ದಾಖಲೆಗಳೆಲ್ಲ ಹೋದವು. ಆದರೆ ಗ್ರೇಸ್ ಸ್ಕರ್ ತಮ್ಮ ಸ್ವಂತ ಫೈಲೋಫ್ಯಾಕ್ಸಿನಲ್ಲಿ ಪೂರೈಕೆದಾರರ ಮತ್ತು ಗ್ರಾಹಕರ ವಿವರಗಳನ್ನು ಬರೆದಿಟ್ಟುಕೊಂಡು ಪ್ರತಿದಿನ ಮನೆಗೆ ಒಯ್ಯುತ್ತಿದ್ದರು. ಆ ಹಾಳೆಗಳಿಂದಲೇ ವ್ಯಾಪಾರ ಮತ್ತೆ ಎದ್ದು ನಿಂತಿತು. ಮುಂದೆ ಆಕೆ ಅದೇ ಕಂಪನಿಯ ಅಧ್ಯಕ್ಷೆಯೂ ಆದರು. ಒಂದು ಪದಾರ್ಥದ ಉಪಯೋಗಕ್ಕೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕೆ?

ದಶಕಗಳ ಕಾಲ ಸದ್ದಿಲ್ಲದೆ ನಡೆದ ಈ ವ್ಯಾಪಾರಕ್ಕೆ ಹೊಸ ಜೀವ ಬಂದದ್ದು ಡೇವಿಡ್ ಕಾಲಿಶನ್ ಅವರಿಂದ. 1976ರಲ್ಲಿ ಅಂಚೆಯ ಮೂಲಕ ಫೈಲೋಫ್ಯಾಕ್ಸ್ ಮಾರಲು ಆರಂಭಿಸಿದ ಅವರು 1980ರಲ್ಲಿ ಕಂಪನಿಯನ್ನೇ ಕೊಂಡರು. ಹಣಕಾಸು ಪೇಟೆ ಜಿಗಿಯುತ್ತಿದ್ದ ದಶಕ ಅದು. ಲಂಡನ್ನಿನ ಯುವ ಅಧಿಕಾರಿಗಳ ಕೈಯಲ್ಲಿ ಉಬ್ಬಿದ ಚರ್ಮದ ಆರ್ಗನೈಸರ್ ಪ್ರತಿಷ್ಠೆಯ ಗುರುತಾಯಿತು. 1987ರಲ್ಲಿ ಕಂಪನಿಯ ಷೇರುಗಳು ಮಾರುಕಟ್ಟೆಗೆ ಬಂದವು. ಆದರೆ ಪ್ರತಿಷ್ಠೆಯಿಂದ ಏರಿದ್ದು ಪ್ರತಿಷ್ಠೆ ಹಳತಾದಾಗ ಇಳಿಯಲೇಬೇಕಲ್ಲ. ದಶಕ ಮುಗಿಯುವಷ್ಟರಲ್ಲಿ ಬೇಡಿಕೆ ಕುಸಿಯಿತು. 1998ರಲ್ಲಿ ಅಮೆರಿಕದ ‘ಡೇ ರನ್ನರ್’ ಕೈಗೆ, 2001ರಲ್ಲಿ ಬ್ರಿಟನ್ನಿನ ‘ಲೆಟ್ಸ್’ ಕೈಗೆ ಕಂಪನಿ ಹೋಯಿತು. 1812ರಲ್ಲಿ ಮುದ್ರಿತ ಡೈರಿಯನ್ನು ಮಾರುಕಟ್ಟೆಗೆ ತಂದ ಜಾನ್ ಲೆಟ್ಸ್ ಅವರ ಹೆಸರಿನ ಸಂಸ್ಥೆ ಇದು.

ಐದಂಗುಲದ ಗುಟ್ಟು

ಒಡೆಯರು ಬದಲಾದರು, ಚರ್ಮ ಬದಲಾಯಿತು, ತಯಾರಿಸುವ ದೇಶವೂ ಬದಲಾಯಿತು. ಬದಲಾಗದೆ ಉಳಿದದ್ದು ಒಂದೇ: ತೂತುಗಳ ನಡುವಿನ ಅಂತರ.

‘ಪರ್ಸನಲ್’ ಎಂಬ ಅಳತೆಯ ಹಾಳೆ 95 ಮಿಲಿಮೀಟರ್ ಅಗಲ, 171 ಮಿಲಿಮೀಟರ್ ಎತ್ತರ. ಮೂರು ತೂತು ಮೇಲೆ, ಮೂರು ಕೆಳಗೆ. ಪ್ರತಿ ಗುಂಪಿನೊಳಗೆ ತೂತಿನಿಂದ ತೂತಿಗೆ 19 ಮಿಲಿಮೀಟರ್, ಎರಡು ಗುಂಪುಗಳ ನಡುವೆ 51. ಇವೇನು ವಿಚಿತ್ರ ಸಂಖ್ಯೆಗಳು ಎನಿಸಬಹುದು. ಅಂಗುಲಕ್ಕೆ ಪರಿವರ್ತಿಸಿ ನೋಡಿ, ಗುಟ್ಟು ಬಯಲಾಗುತ್ತದೆ: ಮುಕ್ಕಾಲು, ಮುಕ್ಕಾಲು, ಎರಡು, ಮುಕ್ಕಾಲು, ಮುಕ್ಕಾಲು. ಕೂಡಿದರೆ ಸರಿಯಾಗಿ ಐದು ಅಂಗುಲ. ಹಾಳೆಯ ಅಳತೆಯೂ ಮೂರೂ ಮುಕ್ಕಾಲು ಅಂಗುಲಕ್ಕೆ ಆರೂ ಮುಕ್ಕಾಲು ಅಂಗುಲ.

ಇದರ ಲಾಭ ಸಣ್ಣದಲ್ಲ. ನನ್ನ ಬಳಿಯ ಹಳೆಯ ಆರ್ಗನೈಸರ್‌ನ ಹಾಳೆಯನ್ನು ತೆಗೆದು ಹೊಸದಕ್ಕೆ ಹಾಕಿದರೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂರುತ್ತದೆ. ಬೇರೆ ಕಂಪನಿಗಳೂ ಇದೇ ಅಂತರವನ್ನು ಅನುಸರಿಸಿದ್ದರಿಂದ ಯಾರ ಹಾಳೆಯನ್ನು ಯಾರ ಉಂಗುರಕ್ಕಾದರೂ ಹಾಕಬಹುದು. ಹಾಳೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಎ4 ಕಾಗದವನ್ನು ಅಡ್ಡಲಾಗಿ ಇಟ್ಟರೆ ಅದರ 297 ಮಿಲಿಮೀಟರ್ ಉದ್ದದಲ್ಲಿ 95ರ ಮೂರು ಹಾಳೆ ಸಿಗುತ್ತವೆ. ಮೇಲಿನ ಅಂಚಿನಿಂದ 22 ಮಿಲಿಮೀಟರ್ ಬಿಟ್ಟು ಮೊದಲ ತೂತು, ನಂತರ ಮೇಲೆ ಹೇಳಿದ ಅಂತರದಲ್ಲಿ ಉಳಿದ ಐದು. ಒಂಟಿ ತೂತಿನ ಪಂಚಿಂಗ್ ಮೆಷಿನ್ನು, ಸ್ಕೇಲು, ಪೆನ್ಸಿಲ್ಲು ಇದ್ದರೆ ಸಾಕು.

ಇದಕ್ಕೆ ಪ್ರತಿಯಾಗಿ ವಿದ್ಯುನ್ಮಾನ ಆರ್ಗನೈಸರ್‌ಗಳ ಗತಿ ನೋಡಿ. 1984ರಲ್ಲಿ ಲಂಡನ್ನಿನ ಸಯಾನ್ ಕಂಪನಿಯ ‘ಆರ್ಗನೈಸರ್’ ಬಂತು, 1996ರಲ್ಲಿ ‘ಪಾಮ್ ಪೈಲಟ್’ ಬಂತು, 2007ರಲ್ಲಿ ಐಫೋನ್ ಬಂತು. ಮೊದಲಿನ ಎರಡರಲ್ಲಿ ತುಂಬಿಟ್ಟ ವಿಳಾಸಗಳನ್ನು ಇಂದು ಹೊರತೆಗೆಯಬೇಕಾದರೆ ಅದೇ ಯಂತ್ರ, ಅದೇ ತಂತಿ, ಅದನ್ನು ಬಲ್ಲ ಮನುಷ್ಯ ಮೂರೂ ಬೇಕು. 1940ರಲ್ಲಿ ಬರೆದ ಹಾಳೆಗೆ ಬೇಕಾದದ್ದು ಕಣ್ಣು ಮತ್ತು ಬೆಳಕು.

ಚರ್ಮದ ರಸಾಯನ

ಈಗ ಚರ್ಮಕ್ಕೆ ಬರೋಣ. ಹಸಿ ಚರ್ಮವೆಂದರೆ ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ. ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಹದ ಮಾಡುವುದೆಂದರೆ ಈ ನಾರುಗಳ ನಡುವೆ ಬೇರೊಂದು ಪದಾರ್ಥವನ್ನು ಸೇರಿಸಿ ಅವುಗಳನ್ನು ಪರಸ್ಪರ ಬಂಧಿಸುವುದು. ಹಳೆಯ ಕ್ರಮದಲ್ಲಿ ಆ ಪದಾರ್ಥ ಟ್ಯಾನಿನ್. ಎಳೆ ಅಡಿಕೆ, ಬಾಳೆಕಾಯಿ ಬಾಯಿಗೆ ಒಗರೆನಿಸುವುದು ಇದರಿಂದಲೇ. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಹಳದಿ ಹೂ ಬಿಡುವ ಆವರಿಕೆ, ಅಂದರೆ ತಂಗಡಿ ಗಿಡದ ತೊಗಟೆ ಇದಕ್ಕೆ ಹೆಸರುವಾಸಿ. ಅದರಿಂದ ಹದಗೊಂಡ ದಕ್ಷಿಣ ಭಾರತದ ಚರ್ಮ ಮದರಾಸಿನಿಂದ ಲಂಡನ್ನಿನ ಪೇಟೆಗೆ ‘ಈಸ್ಟ್ ಇಂಡಿಯಾ’ ಚರ್ಮವೆಂಬ ಹೆಸರಿನಲ್ಲಿ ಹೋಗುತ್ತಿತ್ತು.

1884ರಲ್ಲಿ ಅಮೆರಿಕದಲ್ಲಿ ಅಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಈ ಉದ್ಯಮದ ದಿಕ್ಕೇ ಬದಲಾಯಿತು. ವಾರ, ತಿಂಗಳು ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಜಗತ್ತಿನ ಚರ್ಮದಲ್ಲಿ ಬಹುಪಾಲು ಇಂದು ಹದಗೊಳ್ಳುವುದು ಕ್ರೋಮಿನಿಂದಲೇ. ಎರಡರ ಗುಣವೂ ಬೇರೆ. ತೊಗಟೆಯಲ್ಲಿ ಹದಗೊಂಡದ್ದು ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಬಿಸಿನೀರಿಗೆ ಮುದುಡುತ್ತದೆ, ಕ್ರೋಮಿನದು ಕುದಿಯುವ ನೀರನ್ನೂ ತಾಳುತ್ತದೆ. ಆದರೆ ತೊಗಟೆಯ ಚರ್ಮ ಬೆಳಕು, ಗಾಳಿ, ಕೈಯ ಜಿಡ್ಡು ತಗುಲಿ ವರ್ಷದಿಂದ ವರ್ಷಕ್ಕೆ ಗಾಢವಾಗಿ, ಮಾಗಿದ ಬಣ್ಣಕ್ಕೆ ತಿರುಗುತ್ತದೆ. ಹಳೆಯದನ್ನು ಮೆಚ್ಚುವವರು ಮರುಳಾಗುವುದು ಈ ಬಣ್ಣಕ್ಕೆ.

ಹಾಗೆಂದು ತೊಗಟೆಯ ಚರ್ಮವೆಲ್ಲ ಚಿರಂಜೀವಿಯಲ್ಲ. ಗಾಳಿಯಲ್ಲಿರುವ ಗಂಧಕದ ಆಮ್ಲಾಂಶ ತಗುಲಿದರೆ ಅದು ಕೆಂಪು ಪುಡಿಯಾಗಿ ಉದುರುತ್ತದೆ. 1840ರ ದಶಕದಲ್ಲೇ ಮೈಕೆಲ್ ಫ್ಯಾರಡೆ ಲಂಡನ್ನಿನ ಕ್ಲಬ್ಬೊಂದರಲ್ಲಿ ಚರ್ಮ ಹಾಳಾಗುವುದಕ್ಕೆ ಗ್ಯಾಸ್ ದೀಪದ ಹೊಗೆ ಕಾರಣವಿರಬೇಕೆಂದು ಶಂಕಿಸಿದ್ದರು. ಹಳೆಯ ಆರ್ಗನೈಸರ್ ಮುಟ್ಟಿದಾಗ ಬೆರಳಿಗೆ ಇಟ್ಟಿಗೆ ಬಣ್ಣದ ಪುಡಿ ಅಂಟಿದರೆ ಅದನ್ನು ಉಳಿಸುವ ಆಸೆ ಬಿಡಬೇಕು.

ನಿಜವಾದ ವ್ಯತ್ಯಾಸ ಇರುವುದು ಹದ ಮಾಡುವ ಕ್ರಮಕ್ಕಿಂತ ಹೆಚ್ಚಾಗಿ ಮೇಲ್ಮೈಯಲ್ಲಿ. ಒಂದು ಹನಿ ನೀರನ್ನು ಮೂಲೆಯಲ್ಲಿ ಹಾಕಿ ನೋಡಿ. ಲೇಪವಿಲ್ಲದ ಚರ್ಮ ಅದನ್ನು ಮೆಲ್ಲಗೆ ಹೀರಿ ಕಪ್ಪಾಗುತ್ತದೆ. ಪ್ಲಾಸ್ಟಿಕ್ಕಿನಂಥ ಲೇಪವಿದ್ದರೆ ಕೆಸುವಿನೆಲೆಯ ಮೇಲಿನಂತೆ ಹನಿ ನಿಲ್ಲುತ್ತದೆ. ಲೇಪವಿದ್ದರೆ ಕಲೆಯಾಗುವುದಿಲ್ಲ, ಆದರೆ ಮಾಗುವುದೂ ಇಲ್ಲ. ಇನ್ನು ಪಾಲಿಯುರೆಥೇನ್ ಹೊದಿಕೆಯದು ಬೇರೆಯೇ ಕಥೆ. ಅದರ ಹಲವು ಬಗೆಗಳಲ್ಲಿ ಗಾಳಿಯ ತೇವವೇ ಅಣುಬಂಧಗಳನ್ನು ನಿಧಾನವಾಗಿ ಕತ್ತರಿಸುತ್ತದೆ. ಬೀರುವಿನಲ್ಲಿ ಜೋಪಾನವಾಗಿಟ್ಟ ಹೊಸ ಬೂಟಿನ ಅಟ್ಟೆ ತಾನಾಗಿ ಪುಡಿಯಾಗುವುದನ್ನು ಕಂಡವರಿಗೆ ಇದು ಗೊತ್ತು. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಇನ್ನೂ ಬೇಗ.

ಆದ್ದರಿಂದ ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆಯನ್ನು ನಂಬಿ ಕೂರಬೇಡಿ. ಚರ್ಮವನ್ನು ಸೀಳಿ ತೆಗೆದ ಒಳಪದರಕ್ಕೆ ಬಣ್ಣದ ಲೇಪ ಕೊಟ್ಟದ್ದೂ ಆ ಹೆಸರಿನಲ್ಲಿ ಮಾರಾಟವಾಗುತ್ತದೆ. ವಾಸನೆಯೂ ಸಾಕ್ಷಿಯಲ್ಲ, ಅದನ್ನು ಸಿಂಪಡಿಸಬಹುದು. ಕತ್ತರಿಸಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಒಂದಕ್ಕೊಂದು ಹೆಣೆದುಕೊಂಡ ನಾರು ಕಂಡರೆ ಚರ್ಮ. ನಯವಾದ ಪದರಗಳು ಕಂಡರೆ ಅನುಮಾನಿಸಿ. ಫೈಲೋಫ್ಯಾಕ್ಸಿನ ಈಚಿನ ಮಾದರಿಗಳಲ್ಲೇ ಎಮ್ಮೆ ಚರ್ಮದ ‘ಮಾಲ್ಡನ್’ ಇದೆ, ಚರ್ಮದಂತೆ ಕಾಣುವ ಕೃತಕ ಹೊದಿಕೆಯ ‘ಸಫಿಯಾನೊ’ವೂ ಇದೆ. ಹೆಸರು ಒಂದೇ ಎಂದ ಮಾತ್ರಕ್ಕೆ ವಸ್ತು ಒಂದೇ ಅಲ್ಲ.

ಉಂಗುರದ ‘ಟಕ್’

ಮಕ್ಕಳಿಗೆ ತೋರಿಸಬಹುದಾದ ಪಾಠವೊಂದು ಉಂಗುರದಲ್ಲಿದೆ. ಪ್ಲಾಸ್ಟಿಕ್ ಸ್ಕೇಲನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿಯಿರಿ. ಅದು ಒಂದು ಕಡೆಗೆ ಬಾಗುತ್ತದೆ. ನಡುವೆ ಬೆರಳಿನಿಂದ ತಳ್ಳಿಸಿದರೆ ತಟ್ಟನೆ ಇನ್ನೊಂದು ಕಡೆಗೆ ಹಾರುತ್ತದೆ. ಎರಡರ ಮಧ್ಯೆ ನಿಲ್ಲುವುದೇ ಇಲ್ಲ. ಉಂಗುರಗಳ ಕೆಳಗಿನ ಬಾಗಿದ ಉಕ್ಕಿನ ಪಟ್ಟಿಯೊಳಗೆ ಇಂಥದೇ ಎರಡು ತಗಡುಗಳು ಪಕ್ಕಪಕ್ಕದಲ್ಲಿ ಒತ್ತಡದಲ್ಲಿ ಕೂತಿರುತ್ತವೆ. ಉಂಗುರ ತೆರೆದಿರುವುದು ಒಂದು ಸ್ಥಿತಿ, ಮುಚ್ಚಿರುವುದು ಇನ್ನೊಂದು. ‘ಟಕ್’ ಎಂಬ ಸದ್ದು ಬರುವುದು ಇವೆರಡರ ನಡುವಿನ ಜಿಗಿತದಿಂದ.

ಆ ಹೊರಪಟ್ಟಿಯ ಬಿಗಿ ಸಡಿಲವಾದಂತೆ ಉಂಗುರಗಳ ತುದಿ ಸರಿಯಾಗಿ ಕೂಡುವುದಿಲ್ಲ. ಕೂದಲೆಳೆಯ ಸಂದು ಬಿದ್ದರೂ ಹಾಳೆ ಮಗುಚುವಾಗ ತೂತಿನ ಅಂಚು ಸಿಕ್ಕಿ ಹರಿಯುತ್ತದೆ. ಹೊಸ ಆರ್ಗನೈಸರ್‌ಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಇದು ಮುಖ್ಯವಾದದ್ದು. ಆದರೆ ಹಳೆಯವೂ ಇದರಿಂದ ಹೊರತಲ್ಲ. ತುಂಬಾ ಹಾಳೆ ತುರುಕಿ ಬಳಸಿದ್ದರೆ, ಕೆಳಗೆ ಬಿದ್ದಿದ್ದರೆ, ಸಂದು ಬಂದೇ ಇರುತ್ತದೆ. ತೆಳುವಾದ ದಾರವನ್ನು ಮುಚ್ಚಿದ ಉಂಗುರದ ಸುತ್ತ ಜಾರಿಸಿ. ಎಲ್ಲೂ ಸಿಕ್ಕದೆ ಬಂದರೆ ಉಂಗುರ ಸರಿ.

ಉಂಗುರದ ಒಳವ್ಯಾಸವೂ ಗಮನಿಸಬೇಕಾದದ್ದು. ಹಳೆಯ ಮಾದರಿಗಳಲ್ಲಿ ಅದನ್ನು ಅಂಗುಲದಲ್ಲಿ, ಉದಾಹರಣೆಗೆ 7/8 ಎಂದು ಚರ್ಮದ ಒಳಗಡೆ ಒತ್ತಿರುತ್ತಿದ್ದರು. ಹೊಸದರಲ್ಲಿ 23 ಮಿಲಿಮೀಟರ್ ಸಾಮಾನ್ಯ. ಸಾಧಾರಣ ಕಾಗದ ನೂರು ಹಾಳೆಗೆ ಸುಮಾರು ಒಂದು ಸೆಂಟಿಮೀಟರ್ ದಪ್ಪವಾಗುತ್ತದೆ. ಉಂಗುರದಲ್ಲಿ ಕಾಲು ಭಾಗವಾದರೂ ಖಾಲಿ ಇದ್ದರೆ ಹಾಳೆ ಸರಾಗವಾಗಿ ಮಗುಚುತ್ತದೆ.

ಹೊಲಿಗೆ, ಅಂಟು, ಕಾಗದ

ನನ್ನ ಎರಡು ಆರ್ಗನೈಸರ್‌ಗಳನ್ನೂ ನಮ್ಮೂರ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ತೋರಿಸಿದೆ. ಹಳೆಯದನ್ನು ತಿರುಗಿಸಿ ನೋಡಿ, ಅಂಚಿನ ಮೇಲೆ ಉಗುರಾಡಿಸಿ, “ಇದು ಹೊಲಿದಿದ್ದು ಮೇಷ್ಟ್ರೇ. ದಾರ ಹೋದ್ರೆ ಅದೇ ತೂತಲ್ಲಿ ಮತ್ತೆ ಹಾಕ್ಕೊಡ್ತೀನಿ” ಎಂದರು. ಹೊಸದನ್ನು ಬಗ್ಗಿಸಿ ನೋಡಿ, “ಇದ್ರೊಳಗೆ ರಟ್ಟು ಇಟ್ಟು ಅಂಟು ಹಾಕವ್ರೆ. ಬಿಟ್ರೆ ಅಂಟೇ ಹಾಕ್ಬೇಕು, ಹೊಲಿಯೋಕೆ ಹಿಡಿತ ಸಿಗಲ್ಲ” ಎಂದರು. ಒಳ್ಳೆಯ ವಸ್ತುವಿನ ಲಕ್ಷಣವನ್ನು ಇಷ್ಟು ಅಡಕವಾಗಿ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಕೆಡದಿರುವುದಷ್ಟೇ ಗಟ್ಟಿತನವಲ್ಲ, ಕೆಟ್ಟಾಗ ನಮ್ಮೂರಿನಲ್ಲಿ ರಿಪೇರಿಯಾಗುವುದೂ ಗಟ್ಟಿತನ. ಒಳಗೆ ರಟ್ಟಿಲ್ಲದ ಹಳೆಯದು ಮೇಜಿನ ಮೇಲೆ ಅಂಗಾತ ಬಿದ್ದಿರುತ್ತದೆ, ಬರೆಯಲು ಆರಾಮ. ಹೊಸದನ್ನು ಒಂದು ಕೈಯಲ್ಲಿ ಒತ್ತಿ ಹಿಡಿಯಬೇಕು.

ಆದರೆ ಕೆಲವು ವಿಷಯಗಳಲ್ಲಿ ಹೊಸದೇ ಮೇಲು. 85.6ಕ್ಕೆ 54 ಮಿಲಿಮೀಟರ್ ಅಳತೆಯ ಬ್ಯಾಂಕ್ ಕಾರ್ಡು ಎಲ್ಲರ ಕೈಗೆ ಬರುವ ಮೊದಲೇ ವಿನ್ಯಾಸಗೊಂಡ ಹಳೆಯ ಮಾದರಿಗಳಲ್ಲಿ ಕಾರ್ಡಿಗೆ ಸರಿಯಾದ ಜಾಗವಿಲ್ಲ. ಹಳೆಯ ಪಿವಿಸಿ ಚೀಲಗಳಲ್ಲಿ ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಹಾಕಿದ ಎಣ್ಣೆಯಂಥ ದ್ರವ ಹೊರಬಂದು, ಪಕ್ಕದ ಹಾಳೆಯ ಶಾಯಿಯನ್ನು ಎಳೆದುಕೊಂಡಿರುತ್ತದೆ. ಕಾಗದದ್ದೂ ಹಾಗೆಯೇ. ಹಿಂದೆ ಶಾಯಿ ಹರಡದಿರಲೆಂದು ಕಾಗದಕ್ಕೆ ರಾಳದ ಜೊತೆ ಪಟಿಕದ ಜಾತಿಯ ಲವಣ ಸೇರಿಸುತ್ತಿದ್ದರು. ಅದರಿಂದ ಹುಟ್ಟುವ ಆಮ್ಲ ಹಾಳೆಯನ್ನು ಒಳಗಿನಿಂದಲೇ ಹಳದಿಯಾಗಿಸಿ ಮುರುಕಾಗಿಸುತ್ತದೆ. ಈಗಿನ ಹೆಚ್ಚಿನ ಬರವಣಿಗೆ ಕಾಗದ ಆಮ್ಲರಹಿತ. ಶಾಯಿ ಪೆನ್ನಿಗೆ ಕೆಲವೊಮ್ಮೆ ಹಿಂಬದಿಗೆ ಮೂಡಿದರೂ ಬಾಳಿಕೆ ಹೆಚ್ಚು.

ಉಳಿದವುಗಳ ಸಾಕ್ಷಿ

ಹಳೆಯದೆಲ್ಲ ಗಟ್ಟಿ ಎಂಬ ನಂಬಿಕೆಯಲ್ಲೇ ಒಂದು ದೋಷವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಇದನ್ನು ವಿಮಾನಗಳ ವಿಷಯದಲ್ಲಿ ತೋರಿಸಿದರು. ಗುಂಡೇಟು ತಿಂದು ಹಿಂತಿರುಗಿದ ವಿಮಾನಗಳನ್ನಷ್ಟೇ ನೋಡಿ ನಿರ್ಧಾರಕ್ಕೆ ಬರಬಾರದು, ಹಿಂತಿರುಗದೆ ಬಿದ್ದುಹೋದವುಗಳ ಲೆಕ್ಕವನ್ನೂ ಹಾಕಬೇಕು ಎಂಬುದು ಅವರ ವಾದ. ಆರ್ಗನೈಸರ್‌ಗಳದೂ ಅದೇ ಲೆಕ್ಕ. ನಾಲ್ಕು ದಶಕ ದಾಟಿ ನಮ್ಮ ಕೈ ಸೇರಿದವು ಆ ಕಾಲದ ಒಳ್ಳೆಯ ತಯಾರಿಕೆಗಳು. ಹೊಲಿಗೆ ಬಿಚ್ಚಿದವು, ತುಕ್ಕು ಹಿಡಿದವು, ಬೂಷ್ಟು ತಿಂದವು ಎಂದೋ ಕಸದ ಬುಟ್ಟಿ ಸೇರಿವೆ; ಅವು ಸಾಕ್ಷಿ ಹೇಳಲು ಬರುವುದಿಲ್ಲ. ಅಂದಿನ ಒಳ್ಳೆಯದನ್ನು ಇಂದಿನ ಸಾಧಾರಣದ ಪಕ್ಕ ಇಟ್ಟು ತೂಗಿದರೆ ತಕ್ಕಡಿ ಅಂದಿನ ಕಡೆಗೇ ವಾಲುತ್ತದೆ.

ನನ್ನ ತೀರ್ಮಾನ ಇಷ್ಟು. ಚರ್ಮದ ಹೊದಿಕೆಯಲ್ಲಿ, ಹೊಲಿಗೆಯಲ್ಲಿ ಹಳೆಯದರ ಕೈ ಮೇಲು, ಅದು ಒಳ್ಳೆಯ ಸ್ಥಿತಿಯಲ್ಲಿದ್ದರೆ. ಕಾಗದದಲ್ಲಿ, ಒಳಗಿನ ಅನುಕೂಲಗಳಲ್ಲಿ ಹೊಸದು ಮೇಲು. ಉಂಗುರ ಯಾವ ಕಾಲದ್ದಾದರೂ ಒಂದೊಂದನ್ನೂ ಪರೀಕ್ಷಿಸಿಯೇ ತೆಗೆದುಕೊಳ್ಳಬೇಕು. ಆದರೆ ಇವೆಲ್ಲಕ್ಕಿಂತ ದೊಡ್ಡದು ಆ ಐದಂಗುಲದ ಅಂತರವನ್ನು ದಶಕಗಳ ಕಾಲ ಕೆಡಿಸದೆ ಕಾಪಾಡಿಕೊಂಡು ಬಂದದ್ದು.

ಕೊಳ್ಳುವವರಿಗೆ, ಇಟ್ಟುಕೊಂಡವರಿಗೆ

ವಿದೇಶದಿಂದ ಬರುವ ಬಂಧುಗಳಿಗೆ ಹಳೆಯದನ್ನು ತರಲು ಹೇಳುವಿರಾದರೆ ಮೊಸಳೆ, ಉಡದ ಜಾತಿಯ ಪ್ರಾಣಿಗಳ ಚರ್ಮದ್ದು ಬೇಡವೆನ್ನಿ. 1980ರ ದಶಕದ ದುಬಾರಿ ಮಾದರಿಗಳಲ್ಲಿ ಅಂಥವೂ ಇದ್ದವು. ವನ್ಯಜೀವಿ ಕಾನೂನಿನ ತೊಡಕು ಬಂದೀತು. ಉಂಗುರದ ತುದಿಗಳಲ್ಲಿ ಸನ್ನೆಗಳಿದ್ದರೆ ಎರಡನ್ನೂ ಒಟ್ಟಿಗೆ ಒತ್ತಿ ತೆರೆಯಿರಿ. ಉಂಗುರವನ್ನೇ ಹಿಡಿದು ಎಳೆಯಬೇಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಗಾಳಿಯಾಡುವ ಬಟ್ಟೆಯ ಚೀಲ ಒಳ್ಳೆಯದು. ಬೂಷ್ಟು ಬಂದರೆ ಮನೆಯ ಹೊರಗೆ, ನೆರಳಿನಲ್ಲಿ ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಕೊಬ್ಬರಿ ಎಣ್ಣೆ ಬಳಿಯುವ ಅಭ್ಯಾಸ ಬೇಡ, ಚರ್ಮ ಮಂಕಾಗಿ ಜಿಡ್ಡು ವಾಸನೆ ಹಿಡಿಯುತ್ತದೆ. ಚರ್ಮದ ಕ್ರೀಮನ್ನು ವರ್ಷಕ್ಕೊಮ್ಮೆ ತೆಳುವಾಗಿ ಹಚ್ಚಿದರೆ ಸಾಕು.

ಇನ್ನೊಂದು ಮಾತು. ಮನೆಯಲ್ಲಿ ಹಿರಿಯರ ಹಳೆಯ ಆರ್ಗನೈಸರ್ ಇದ್ದು, ಹೊದಿಕೆ ಹರಿದಿದೆಯೆಂದು ಎಸೆಯಲು ಹೊರಟಿದ್ದರೆ ಒಂದು ಕ್ಷಣ ತಡೆಯಿರಿ. ಉಂಗುರ ಬಿಚ್ಚಿ ಹಾಳೆಗಳನ್ನು ತೆಗೆಯಿರಿ. ಅಡಿಕೆ ಮಾರಿದ ಲೆಕ್ಕವೋ, ಮಗಳ ಮದುವೆಗೆ ಕರೆಯಬೇಕಾದವರ ಪಟ್ಟಿಯೋ, ಐದಂಕಿಯ ಫೋನ್ ನಂಬರುಗಳೋ ಅದರಲ್ಲಿ ಇದ್ದಾವು. ಅದು ಆರು ತೂತಿನ ಪರ್ಸನಲ್ ಅಳತೆಯದಾಗಿದ್ದರೆ ಆ ಹಾಳೆಗಳು ಇಂದು ಅಂಗಡಿಯಿಂದ ತಂದ ಹೊಸ ಆರ್ಗನೈಸರ್‌ನಲ್ಲೂ ಹಾಗೇ ಕೂರುತ್ತವೆ. ಹರಿದದ್ದು ಹೊದಿಕೆ ಮಾತ್ರ.